ಮಳೆಯ ಪ್ರಬಂಧ ಬರೆಯಲಾಗದ ಹುಡುಗ: ನಾಗರಾಜ ಮಂಜುಳೆಯ ಕಿರುಚಿತ್ರಗಳ ಚರಿತ್ರೆ

1

ದಲಿತ ವಿಮರ್ಶೆ ಅಂದಕೂಡಲೆ ನಮ್ಮ ಕೈ ಪುಸ್ತಕದ ಕಪಾಟಿನ ಕಡೆಗೇ ಹೋಗುತ್ತದೆ. ಕಾವ್ಯ, ಕತೆ, ಆತ್ಮಕತೆ, ಹೆಚ್ಚೆಂದರೆ ನಾಟಕ. ದೇವನೂರ, ಸಿದ್ಧಲಿಂಗಯ್ಯ, ಮಾಲಗತ್ತಿ ಇವರ ಬರಹಗಳ ಸುತ್ತ ನಾವು ಕಟ್ಟಿಕೊಂಡ ಚರ್ಚೆ ಗಟ್ಟಿಯಾದದ್ದು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಇವತ್ತು ನಮ್ಮ ಕೇರಿಯ ಹುಡುಗ ಹುಡುಗಿಯರು ಓದುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ನೋಡುತ್ತಾರೆ. ನೋಡುವುದಷ್ಟೇ ಅಲ್ಲ, ಕೈಯಲ್ಲಿರುವ ಮೊಬೈಲಿನಲ್ಲಿ ಹತ್ತು ನಿಮಿಷದ್ದೊಂದು ಚಿತ್ರ ತೆಗೆದು ‘ಸರ್, ಹೆಂಗೈತಿ ನೋಡ್ರಿ’ ಅಂತ ಕಳಿಸುತ್ತಾರೆ. ಅವರಿಗೆ ಹೇಳಲು ನಮ್ಮ ವಿಮರ್ಶೆಯ ಹತ್ತಿರ ಏನಿದೆ? ‘ಚೆನ್ನಾಗಿದೆ, ಮುಂದುವರಿಸು’ ಎಂಬ ಎರಡು ಮಾತು ಬಿಟ್ಟರೆ ಏನೂ ಇಲ್ಲ.

ಸಿನಿಮಾ ಕುರಿತು ಮಾತಾಡುವ ಸಂದರ್ಭ ಬಂದಾಗಲೂ ನಾವು ‘ಚೋಮನ ದುಡಿ’ಯ ಹತ್ತಿರ ಹೋಗಿ ನಿಲ್ಲುತ್ತೇವೆ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ವಾಸುದೇವರಾವ್ ಅವರ ನಟನೆ. 1975ರ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ದೊಡ್ಡ ಚಿತ್ರ, ಅನುಮಾನವಿಲ್ಲ. ಆದರೆ ಅಲ್ಲಿ ಚೋಮನ ಕೈಯಲ್ಲಿ ಇರುವುದು ದುಡಿ ಮಾತ್ರ. ಕ್ಯಾಮರಾ ಬೇರೆಯವರ ಕೈಯಲ್ಲಿದೆ. ಬೇರೆಯವರು ತೆಗೆದದ್ದೆಲ್ಲ ಸುಳ್ಳು ಎಂದು ನಾನು ವಾದಿಸುತ್ತಿಲ್ಲ. ಕ್ಯಾಮರಾ ಚೋಮನ ಮೊಮ್ಮಗನ ಕೈಗೆ ಬಂದಾಗ ಏನು ಬದಲಾಗುತ್ತದೆ ಎಂಬುದು ನನ್ನ ಪ್ರಶ್ನೆ. ಸಿಟ್ಟು ಹೆಚ್ಚುತ್ತದೆಯೋ, ಭಾಷೆ ಬದಲಾಗುತ್ತದೆಯೋ, ಅಥವಾ ಚಿತ್ರದ ಅಳತೆಯೇ ಬದಲಾಗುತ್ತದೆಯೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಗಡಿಯಾಚೆಯ ಒಬ್ಬ ನಿರ್ದೇಶಕನನ್ನು ಆರಿಸಿಕೊಂಡಿದ್ದೇನೆ. ಆತ ನಾಗರಾಜ ಮಂಜುಳೆ. ‘ಸೈರಾಟ್’ ತೆಗೆದವನು ಎಂದರೆ ಎಲ್ಲರಿಗೂ ಗೊತ್ತು. ಆದರೆ ಆತನ ಕಿರುಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದವರು ಕಡಿಮೆ. ನನ್ನ ಮಟ್ಟಿಗೆ ಆತನ ವೃತ್ತಿಯ ಬೆನ್ನುಮೂಳೆ ಇರುವುದು ಅಲ್ಲೇ.

2

ಮೊದಲು ಕಿರುಚಿತ್ರ ಎಂಬ ಪ್ರಕಾರದ ಬಗ್ಗೆ ಎರಡು ಮಾತು. ನಮ್ಮ ದೇಶದ ಬಡವರಿಗೆ ಕಿರುಚಿತ್ರ ಮೊದಲು ಪರಿಚಯವಾದದ್ದು ಪ್ರಭುತ್ವದ ದನಿಯಾಗಿ. 1948ರಲ್ಲಿ ಫಿಲಂಸ್ ಡಿವಿಜನ್ ಹುಟ್ಟಿತು. ಥೇಟರಿನವರು ದೊಡ್ಡ ಸಿನಿಮಾಕ್ಕೆ ಮುಂಚೆ ಅದರ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಕಡ್ಡಾಯವಾಗಿ ತೋರಿಸಬೇಕಿತ್ತು. ನಮ್ಮ ತಲೆಮಾರಿನವರಿಗೆ ಅದು ‘ಇಂಡಿಯನ್ ನ್ಯೂಸ್’. ಅಣೆಕಟ್ಟು, ಸುಧಾರಿತ ಬೀಜ, ಚಿಕ್ಕ ಸಂಸಾರ, ಪ್ರವಾಹಪೀಡಿತರಿಗೆ ಕಂಬಳಿ ಹಂಚುವ ಮಂತ್ರಿ. ಆ ಕಂಬಳಿಗೆ ಕೈಚಾಚುವ ಸಾಲಿನಲ್ಲಿ ಮಾತ್ರ ನಮ್ಮ ಜನ ಕಾಣುತ್ತಿದ್ದರು. ಹಿಂದಿನಿಂದ ಒಂದು ಗಡಸು ದನಿ ಅವರ ಬಗ್ಗೆ ಮಾತಾಡುತ್ತಿತ್ತು, ಅವರು ಮಾತಾಡುತ್ತಿರಲಿಲ್ಲ. ಫಿಲಂಸ್ ಡಿವಿಜನ್ 2022ರಲ್ಲಿ ಎನ್‌ಎಫ್‌ಡಿಸಿಯಲ್ಲಿ ವಿಲೀನವಾಯಿತು. ಆದರೆ ಆ ದನಿಯ ಅಭ್ಯಾಸ ಇನ್ನೂ ಹೋಗಿಲ್ಲ.

ಇದಕ್ಕೆ ಎದುರಾಗಿ ಸ್ವತಂತ್ರ ಸಾಕ್ಷ್ಯಚಿತ್ರದ ಒಂದು ಧಾರೆ ಬೆಳೆಯಿತು. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಆದ ಅವಮಾನವನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಜನರನ್ನು ಕೊಂದರು. ಆ ನೋವಿನಲ್ಲಿ ಹಾಡುಗಾರ ವಿಲಾಸ ಘೋಗ್ರೆ ತನ್ನ ಜೀವ ಕಳೆದುಕೊಂಡ. ಆನಂದ ಪಟವರ್ಧನ್ ಅಲ್ಲಿಂದ ಹೊರಟು ಹದಿನಾಲ್ಕು ವರ್ಷ ಬೆನ್ನುಬಿದ್ದು 2011ರಲ್ಲಿ ‘ಜೈ ಭೀಮ್ ಕಾಮ್ರೇಡ್’ ಮುಗಿಸಿದರು. ಅದು ಗೆಳೆಯನೊಬ್ಬ ಒಪ್ಪಿಸಿದ ಸಾಕ್ಷಿ, ಬೆಲೆಬಾಳುವ ಸಾಕ್ಷಿ. ಆದರೆ ಸಾಕ್ಷಿ ಹೇಳುವವನು ಬೇರೆ, ಅನುಭವಿಸಿದವನು ಬೇರೆ ಎಂಬ ಅಂತರ ಅಲ್ಲೂ ಉಳಿಯುತ್ತದೆ. ಮರಾಠಿ ಸಾಹಿತ್ಯದಲ್ಲಿ ಈ ಅಂತರ 1970ರ ದಶಕದಲ್ಲೇ ಮುರಿದಿತ್ತು. 1972ರಲ್ಲಿ ದಲಿತ ಪ್ಯಾಂಥರ್, 1978ರಲ್ಲಿ ದಯಾ ಪವಾರರ ‘ಬಲುತ’. ಸಿನಿಮಾದಲ್ಲಿ ಮುರಿಯಲು ಇನ್ನೂ ಮೂವತ್ತು ವರ್ಷ ಹಿಡಿಯಿತು. ಇದಕ್ಕೆ ಕಾರಣ ಸರಳ. ಪದ್ಯಕ್ಕೆ ಒಂದು ಪೆನ್ನು ಸಾಕು, ಸಿನಿಮಾಕ್ಕೆ ಬಂಡವಾಳ ಬೇಕು. ಬಂಡವಾಳಕ್ಕೆ ಜಾತಿ ಇದೆ.

3

ನಾಗರಾಜ ಹುಟ್ಟಿ ಬೆಳೆದದ್ದು ಸೊಲ್ಲಾಪುರ ಜಿಲ್ಲೆ ಕರಮಾಳಾ ತಾಲೂಕಿನ ಜೇವೂರಿನಲ್ಲಿ. ಪುಣೆ ಸೊಲ್ಲಾಪುರ ರೈಲಿನ ದಾರಿಯಲ್ಲಿ ಸಿಗುವ ಊರು. ಆತ ವಡ್ಡರ ಸಮುದಾಯದವನು. ಕಲ್ಲು ಒಡೆಯುವವರು, ಮಣ್ಣು ಹೊರುವವರು.

ಇಂಡಿ ಸೀಮೆಯ ನನ್ನಂಥವನಿಗೆ ಸೊಲ್ಲಾಪುರ ಹೊರನಾಡಲ್ಲ. ಅದು ಶರಣ ಸಿದ್ಧರಾಮನ ಸೊನ್ನಲಿಗೆ. ಆತ ಕಟ್ಟಿಸಿದ ಕೆರೆ ಇವತ್ತೂ ಊರ ನಡುವೆ ಇದೆ. ಕರ್ನಾಟಕದ ಭೋವಿ-ವಡ್ಡರ ಸಮುದಾಯ ಸಿದ್ಧರಾಮನನ್ನು ತನ್ನ ಕುಲಗುರು ಎಂದು ಕಾಣುತ್ತದೆ. ಯಾಕೆ ಅಂತ ಯೋಚಿಸಿದರೆ ಹೊಳೆಯುತ್ತದೆ: ಕೆರೆ ಕಟ್ಟಿಸಿದವನ ಹೆಸರು ಉಳಿಯಿತು, ಮಣ್ಣು ಹೊತ್ತವರ ಹೆಸರು ಉಳಿಯಲಿಲ್ಲ. ಹೊತ್ತವರು ಕಟ್ಟಿಸಿದವನನ್ನೇ ತಮ್ಮವನನ್ನಾಗಿ ಮಾಡಿಕೊಂಡು ಚರಿತ್ರೆಯೊಳಗೆ ಜಾಗ ಹಿಡಿದರು. ಇದೂ ಒಂದು ಬಗೆಯ ಚರಿತ್ರೆ ಬರವಣಿಗೆಯೇ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಕರ್ನಾಟಕದಲ್ಲಿ ವಡ್ಡರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಮಹಾರಾಷ್ಟ್ರದಲ್ಲಿ ಅವರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಗಡಿ ದಾಟಿದರೆ ಪಟ್ಟಿ ಬದಲಾಗುತ್ತದೆ, ಸುತ್ತಿಗೆ ಬದಲಾಗುವುದಿಲ್ಲ. ಹಾಗಾದರೆ ನಾಗರಾಜನನ್ನು ದಲಿತ ನಿರ್ದೇಶಕ ಎನ್ನಬಹುದೆ? ಅಸ್ಪೃಶ್ಯತೆ ಉಂಡವರ ಅನುಭವವೂ ಅಲೆಮಾರಿಗಳ ಅನುಭವವೂ ಒಂದೇ ಅಲ್ಲ ಎಂದು ವಾದಿಸುವವರಿದ್ದಾರೆ. ಒಳಮೀಸಲಾತಿಯ ಚರ್ಚೆಯಲ್ಲಿ ಈ ವಾದದ ತೂಕ ನಮಗೆಲ್ಲ ಗೊತ್ತು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಫುಲೆ ಅಂಬೇಡ್ಕರರ ಬೆಳಕಿನಲ್ಲಿ ತನ್ನ ಊರನ್ನು ನೋಡುವ ಕಣ್ಣು ದಲಿತ ಕಣ್ಣು ಎಂಬ ಅರ್ಥದಲ್ಲಿ ನಾನು ಈ ಮಾತನ್ನು ಬಳಸುತ್ತೇನೆ.

ಈ ಸೀಮೆಗೆ ಇನ್ನೊಂದು ಚರಿತ್ರೆಯೂ ಇದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. ಹುಟ್ಟಿನಿಂದಲೇ ಕಳ್ಳರು ಎಂದು ಇಡೀ ಸಮುದಾಯಗಳಿಗೆ ಮುದ್ರೆ ಒತ್ತಿದರು. ಅವರನ್ನು ತಂತಿಬೇಲಿಯ ವಸಾಹತುಗಳಲ್ಲಿ ಕೂಡಿಹಾಕಿ ಹಾಜರಿ ತಗೊಳ್ಳುತ್ತಿದ್ದರು. ಸೊಲ್ಲಾಪುರದಲ್ಲಿ ಅಂಥದೊಂದು ವಸಾಹತು ಇತ್ತು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಒಂದು ಬಡಾವಣೆಗೆ ‘ಸೆಟ್ಲಮೆಂಟ್’ ಅಂತಲೇ ಕರೆಯುತ್ತಾರೆ. ಕಾಯಿದೆ 1952ರಲ್ಲಿ ರದ್ದಾಯಿತು. ಊರಲ್ಲಿ ಕಳವಾದರೆ ಪೊಲೀಸರು ಮೊದಲು ಬರುವುದು ಯಾವ ಗುಡಿಸಲಿಗೆ ಎಂಬುದು ಮಾತ್ರ ರದ್ದಾಗಲಿಲ್ಲ. ಲಕ್ಷ್ಮಣ ಮಾನೆಯವರ ‘ಉಪರಾ’, ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ಹುಟ್ಟಿದ್ದು ಈ ಅನುಭವದಿಂದ. ನಾಗರಾಜನ ಸಿನಿಮಾಕ್ಕೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ತವರಲ್ಲ, ಈ ಆತ್ಮಕತೆಗಳು ತವರು. ಮೊದಲಿಗೆ ಆತ ಕವಿಯಾಗಿಯೇ ಬಂದವನು. ‘ಉನ್ಹಾಚ್ಯಾ ಕಟಾವಿರುದ್ಧ’ ಎಂಬುದು ಆತನ ಸಂಕಲನ. ಬಿಸಿಲು ಹೂಡಿದ ಸಂಚಿನ ವಿರುದ್ಧ ಎಂದು ಅದರ ಅರ್ಥ. ಸೊಲ್ಲಾಪುರ, ವಿಜಾಪುರ, ಕಲಬುರ್ಗಿಯ ಬಿಸಿಲು ಕುಡಿದವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ.

4

ಪುಣೆ ವಿಶ್ವವಿದ್ಯಾಲಯದಲ್ಲಿ ಮರಾಠಿ ಎಂ.ಎ. ಮುಗಿಸಿದ ಮೇಲೆ ಆತ ಅಹಮದನಗರದ ಒಂದು ಕಾಲೇಜಿನಲ್ಲಿ ಸಂವಹನ ಅಧ್ಯಯನ ಓದಲು ಸೇರಿದ. ಆಗ ತೆಗೆದ ಕಿರುಚಿತ್ರ ‘ಪಿಸ್ತುಲ್ಯಾ’. ಕಾಲು ಗಂಟೆಯ ಆಸುಪಾಸಿನ ಚಿತ್ರ. 2010ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದಕ್ಕೆ ಕಥೇತರ ವಿಭಾಗದ ಅತ್ಯುತ್ತಮ ಚೊಚ್ಚಲ ನಿರ್ದೇಶನದ ಗೌರವ ಸಿಕ್ಕಿತು.

ಕತೆ ಇಷ್ಟೇ. ಕಳ್ಳತನವೇ ಹೊಟ್ಟೆಪಾಡಾಗಿರುವ ಬಡ ಕುಟುಂಬದ ಒಬ್ಬ ಹುಡುಗ. ಅವನಿಗೆ ಶಾಲೆಯ ಆಸೆ. ಹೆಸರು ಪಿಸ್ತುಲ್ಯಾ, ಅಂದರೆ ಪಿಸ್ತೂಲು. ಅಲೆಮಾರಿಗಳು ಮಕ್ಕಳಿಗೆ ಇಂಥ ಹೆಸರಿಡುವುದನ್ನು ನಾವೂ ಕಂಡಿದ್ದೇವೆ. ನಮ್ಮ ಹಕ್ಕಿಪಿಕ್ಕಿಯವರಲ್ಲಿ ಹೈಕೋರ್ಟ್, ಕಾಫಿ, ಮೈಸೂರ್‌ಪಾಕ್ ಎಂಬ ಹೆಸರುಗಳಿರುವುದನ್ನು ಪತ್ರಿಕೆಗಳು ಆಗಾಗ ನಗೆಚಾಟಿಕೆಯಂತೆ ಬರೆಯುತ್ತವೆ. ನನಗೆ ಅದರಲ್ಲಿ ನಗು ಕಾಣುವುದಿಲ್ಲ. ಯಾವ ವಸ್ತುಗಳು, ಯಾವ ಸಂಸ್ಥೆಗಳು ತಮ್ಮನ್ನು ಹೊರಗಿಟ್ಟವೋ ಅವುಗಳ ಹೆಸರನ್ನಾದರೂ ಮನೆಯೊಳಗೆ ತಂದುಕೊಳ್ಳುವ ಒಂದು ಹಟ ಅಲ್ಲಿದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಪಿಸ್ತುಲ್ಯಾ ಎಂದು ಬರೆದರೆ ಅದು ಓದುವ ಹುಡುಗನ ಹೆಸರಿನಂತೆ ಕೇಳುವುದಿಲ್ಲ, ಪೊಲೀಸು ಠಾಣೆಯ ಪುಸ್ತಕಕ್ಕೆ ಹೊಂದುತ್ತದೆ. ಎರಡು ಹಾಜರಿ ಪುಸ್ತಕಗಳ ನಡುವೆ ಆ ಹುಡುಗ ಸಿಕ್ಕಿಬಿದ್ದಿದ್ದಾನೆ.

ಇಲ್ಲಿ ನನಗೆ ದೇವನೂರರ ‘ಒಡಲಾಳ’ ನೆನಪಾಗುತ್ತದೆ. ಕದ್ದು ತಂದ ಕಡಲೆಕಾಯನ್ನು ಇಡೀ ಸಂಸಾರ ರಾತ್ರಿಯೆಲ್ಲ ಕೂತು ತಿನ್ನುವ ಆ ಪ್ರಸಂಗದಲ್ಲಿ ಕಳ್ಳತನ ಒಂದು ಹಬ್ಬವಾಗಿಬಿಡುತ್ತದೆ. ಪೊಲೀಸರು ಆಮೇಲೆ ಬರುತ್ತಾರೆ. ದೇವನೂರರಿಗೆ ಆ ಹಬ್ಬವನ್ನು ಕಟ್ಟಲು ಭಾಷೆಯ ಸಂಪತ್ತಿತ್ತು, ಅಜ್ಜಿಯ ನಾಲಗೆಯಿತ್ತು. ನಾಗರಾಜನಿಗೆ ಹಬ್ಬದ ಅವಕಾಶವಿಲ್ಲ. ಹದಿನೈದು ನಿಮಿಷದಲ್ಲಿ ಆತ ಒಂದೇ ಗೆರೆ ಎಳೆಯುತ್ತಾನೆ: ಹಸಿವು ಒಂದು ಕಡೆ, ಪಾಟಿಚೀಲ ಇನ್ನೊಂದು ಕಡೆ. ಕಿರುಚಿತ್ರದ ಬಡತನ ಇಲ್ಲಿ ವಸ್ತುವಿನ ಬಡತನದ ಜೊತೆ ಹೊಂದಿಕೊಂಡಿದೆ. ಹೆಚ್ಚು ಹೇಳಲು ದುಡ್ಡಿಲ್ಲ, ಹೆಚ್ಚು ಹೇಳುವ ಅಗತ್ಯವೂ ಇಲ್ಲ.

ಆ ಹುಡುಗನ ಪಾತ್ರ ಮಾಡಿದವನು ಸೂರಜ್ ಪವಾರ್. ಈ ಹೆಸರನ್ನು ಓದುಗರು ನೆನಪಿಡಬೇಕು. ಮುಂದೆ ಬೇಕಾಗುತ್ತದೆ.

5

ಪಿಸ್ತುಲ್ಯಾದ ಬಲದ ಮೇಲೆ ಆತ ಪೂರ್ಣಪ್ರಮಾಣದ ಚಿತ್ರಕ್ಕೆ ಹೋದ. 2013ರಲ್ಲಿ ‘ಫಂಡ್ರಿ’ ಸಿದ್ಧವಾಯಿತು. 2014ರ ಫೆಬ್ರುವರಿಯಲ್ಲಿ ಥೇಟರುಗಳಿಗೆ ಬಂತು. ಹಂದಿ ಹಿಡಿಯುವ ಕೈಕಾಡಿ ಕುಟುಂಬದ ಜಬ್ಯಾ ಎಂಬ ಹುಡುಗನ ಕತೆ ಅದು. ಅವನೂ ಶಾಲೆಗೆ ಹೋಗುತ್ತಾನೆ, ಮೇಲುಜಾತಿಯ ಸಹಪಾಠಿಯೊಬ್ಬಳನ್ನು ದೂರದಿಂದ ಪ್ರೀತಿಸುತ್ತಾನೆ. ಪಿಸ್ತುಲ್ಯಾ ಶಾಲೆಯ ಹೊರಗೆ ನಿಂತಿದ್ದರೆ ಜಬ್ಯಾ ಶಾಲೆಯ ಒಳಗಿದ್ದಾನೆ. ಒಳಗೆ ಹೋದಮೇಲೆ ಏನಾಗುತ್ತದೆ ಎಂಬುದು ಫಂಡ್ರಿಯ ಪ್ರಶ್ನೆ.

ಹೆಸರಿನ ಬಗ್ಗೆ ಕನ್ನಡಿಗರಾಗಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಫಂಡ್ರಿ ಮರಾಠಿ ಮಾತಲ್ಲ. ಅದು ಕೈಕಾಡಿಗಳ ಮನೆಮಾತು, ದ್ರಾವಿಡ ಬಳಗದ್ದು. ತಮಿಳಿನಲ್ಲಿ ಪನ್‌ಱಿ, ಹಳಗನ್ನಡದಲ್ಲಿ ಪಂದಿ, ನಮ್ಮ ಬಾಯಲ್ಲಿ ಹಂದಿ. ಪುಣೆಯ ಪ್ರೇಕ್ಷಕ ಅರ್ಥವಾಗದೆ ತಡವರಿಸುವ ಹೆಸರು ನಮ್ಮ ಕಿವಿಗೆ ಕೂಡಲೇ ತಟ್ಟುತ್ತದೆ. ಮನೆಯಲ್ಲಿ ಒಂದು ಭಾಷೆ, ಊರಲ್ಲಿ ಇನ್ನೊಂದು. ಜಬ್ಯಾನಿಗೆ ತನ್ನ ಮನೆಮಾತೇ ಊರವರ ಬೈಗುಳವಾಗಿ ತಿರುಗಿ ಬರುತ್ತದೆ. ಪಾತ್ರ ಮಾಡಿದ ಸೋಮನಾಥ ಅವಘಡೆ ಹಲಗಿ ಬಡಿಯುತ್ತಿದ್ದ ಹಳ್ಳಿಯ ಹುಡುಗ. ಆತನಿಗೆ ಅತ್ಯುತ್ತಮ ಬಾಲನಟ ಪ್ರಶಸ್ತಿ ಬಂತು, ಚಿತ್ರಕ್ಕೆ ಚೊಚ್ಚಲ ನಿರ್ದೇಶನದ ಇಂದಿರಾ ಗಾಂಧಿ ಪ್ರಶಸ್ತಿ ಬಂತು.

ಎರಡು ದೃಶ್ಯಗಳನ್ನು ಯಾರೂ ಮರೆಯಲಾರರು. ಹಂದಿ ಇನ್ನೇನು ಸಿಕ್ಕಿತು ಎನ್ನುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳಿಬರುತ್ತದೆ. ಇಡೀ ಕುಟುಂಬ ನಿಂತಲ್ಲೇ ಅಲುಗದೆ ನಿಲ್ಲುತ್ತದೆ. ಹಂದಿ ನಿಲ್ಲುವುದಿಲ್ಲ. ಆಮೇಲೆ ಸತ್ತ ಹಂದಿಯನ್ನು ಬಡಿಗೆಗೆ ಕಟ್ಟಿ ಹೊತ್ತುಕೊಂಡು ಹೋಗುವಾಗ ಹಿಂದಿನ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ, ಸಾವಿತ್ರಿಬಾಯಿ, ಶಾಹೂ ಮಹಾರಾಜರ ಚಿತ್ರಗಳು. ಗೋಡೆಯ ಮೇಲಿನ ಮಹನೀಯರಿಗೂ ಗೋಡೆಯ ಮುಂದೆ ನಡೆಯುವವರಿಗೂ ನಡುವೆ ಎಷ್ಟು ದೂರ ಎಂಬುದನ್ನು ಯಾವ ಭಾಷಣವೂ ಇಲ್ಲದೆ ಹೇಳಿದ ಚಿತ್ರ ಇದು. ಕೊನೆಗೆ ಜಬ್ಯಾ ಎಸೆಯುವ ಕಲ್ಲು ನೇರ ಕ್ಯಾಮರಾದ ಕಡೆಗೆ ಬರುತ್ತದೆ. ಸೊಲ್ಲಾಪುರದ ಥೇಟರಿನಲ್ಲಿ ನಾನು ನೋಡಿದಾಗ ಆ ಕಲ್ಲು ಬಿದ್ದಮೇಲೆ ಯಾರೂ ಸೀಟಿ ಹೊಡೆಯಲಿಲ್ಲ, ಎದ್ದೂ ಹೋಗಲಿಲ್ಲ. ಕಲ್ಲು ಒಡೆಯುವವರ ಮಗ ತೆಗೆದ ಚಿತ್ರ ಕಲ್ಲಿನಲ್ಲೇ ಮುಗಿಯುವುದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಮುಂದೆ 2016ರ ಏಪ್ರಿಲಿನಲ್ಲಿ ‘ಸೈರಾಟ್’ ಬಂತು. ನೂರು ಕೋಟಿ ದಾಟಿದ ಮೊದಲ ಮರಾಠಿ ಚಿತ್ರ. ಅದರ ಬಗ್ಗೆ ಸಾಕಷ್ಟು ಬರೆದಾಗಿದೆ, ನಾನು ಒಂದೇ ಒಂದು ದೃಶ್ಯ ಎತ್ತಿಕೊಳ್ಳುತ್ತೇನೆ. ಕಾಲೇಜಿನ ತರಗತಿ. ಲೋಖಂಡೆ ಎಂಬ ಮೇಷ್ಟ್ರು ದಲಿತ ಕಾವ್ಯ ಪಾಠ ಮಾಡುತ್ತಿದ್ದಾರೆ. ಊರ ಪಾಟೀಲನ ಮಗ ಪ್ರಿನ್ಸ್ ತರಗತಿಯಲ್ಲೇ ಫೋನಿನಲ್ಲಿ ಮಾತಾಡುತ್ತಾನೆ. ಕೇಳಿದ್ದಕ್ಕೆ ಮೇಷ್ಟ್ರ ಕೆನ್ನೆಗೆ ಬಾರಿಸುತ್ತಾನೆ. ಈ ಪ್ರಿನ್ಸ್ ಪಾತ್ರ ಮಾಡಿದವನು ಯಾರು? ಅದೇ ಸೂರಜ್ ಪವಾರ್. ಶಾಲೆಯ ಆಸೆಯಿಂದ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ ಪಿಸ್ತುಲ್ಯಾ, ಫಂಡ್ರಿಯಲ್ಲಿ ಜಬ್ಯಾನ ಗೆಳೆಯನಾಗಿದ್ದವನು, ಇಲ್ಲಿ ದಲಿತ ಮೇಷ್ಟ್ರಿಗೆ ಹೊಡೆಯುವ, ಕೊನೆಗೆ ಒಡಹುಟ್ಟಿದವಳನ್ನೇ ಕೊಲ್ಲಲು ಬರುವ ಪಾಟೀಲರ ಕುಡಿ. ದೊಡ್ಡ ಸಿನಿಮಾದವರು ಇಂಥ ಮುಖಕ್ಕೆ ಕಳ್ಳನ ಪಾತ್ರ, ಆಳಿನ ಪಾತ್ರ ಕೊಡುತ್ತಿದ್ದರು. ನಾಗರಾಜ ಅದೇ ಮುಖಕ್ಕೆ ಯಜಮಾನಿಕೆಯ ಪಾತ್ರ ಕೊಟ್ಟ. ದರ್ಪ ಮುಖದಲ್ಲಿ ಇರುವುದಿಲ್ಲ, ಹುಟ್ಟಿನಲ್ಲೂ ಇರುವುದಿಲ್ಲ, ಕೂರಿಸಿದ ಜಾಗದಲ್ಲಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಕೆ? ಆದರೆ ಪಿಸ್ತುಲ್ಯಾ ನೋಡದವನಿಗೆ ಈ ಪಾಠ ಕಾಣುವುದಿಲ್ಲ. ಅದಕ್ಕೇ ನಾನು ಕಿರುಚಿತ್ರವನ್ನು ಬೆನ್ನುಮೂಳೆ ಎಂದದ್ದು.

ಸೈರಾಟ್‌ನ ಮರುರೂಪಗಳ ಕತೆಯೂ ಇಷ್ಟೇ ಪಾಠ ಹೇಳುತ್ತದೆ. 2017ರಲ್ಲಿ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಬಂತು. ರಾಕ್‌ಲೈನ್ ವೆಂಕಟೇಶ್ ನಿರ್ಮಾಣ, ಎಸ್. ನಾರಾಯಣ್ ನಿರ್ದೇಶನ. ನಾಯಕಿಯಾಗಿ ಅದೇ ರಿಂಕು ರಾಜಗುರು. ಕತೆ ಬಂತು, ಹುಡುಗಿ ಬಂದಳು, ಆದರೆ ಕರಮಾಳೆಯ ಮಣ್ಣು ಬರಲಿಲ್ಲ. ಮೂಲ ಎಬ್ಬಿಸಿದ ಚರ್ಚೆಯನ್ನು ಅದು ಎಬ್ಬಿಸಲಿಲ್ಲ. 2018ರ ಹಿಂದಿ ‘ಧಡಕ್’ ಉದಯಪುರದ ಅರಮನೆಗಳ ಮುಂದೆ ನಿಂತುಕೊಂಡು ಜಾತಿಯನ್ನು ಪಿಸುಮಾತಿನಲ್ಲಿ ಹೇಳಿ ಮುಗಿಸಿತು. ಬಂಡವಾಳಕ್ಕೆ ನಮ್ಮ ಪ್ರೇಮ ಬೇಕು, ನಮ್ಮ ಹೆಣವೂ ಬೇಕು, ಎರಡರ ನಡುವಿನ ಕಾರಣ ಮಾತ್ರ ಬೇಡ.

6

ನೂರು ಕೋಟಿಯ ನಂತರ ಒಬ್ಬ ನಿರ್ದೇಶಕ ಏನು ಮಾಡಬೇಕು? ಇನ್ನೂರು ಕೋಟಿಯ ಚಿತ್ರ ಮಾಡಬೇಕು, ಇದು ಉದ್ಯಮದ ಲೆಕ್ಕ. ಕಿರುಚಿತ್ರ ಎಂಬುದು ಅವರ ಪ್ರಕಾರ ಒಂದು ವಿಸಿಟಿಂಗ್ ಕಾರ್ಡು. ಬಾಗಿಲು ತೆರೆಯಿತೆಂದರೆ ಕಾರ್ಡನ್ನು ಬಿಸಾಡಬೇಕು. ನಾಗರಾಜ ತಿರುಗಿ ಕಿರುಚಿತ್ರಕ್ಕೇ ಬಂದ. ‘ಪಾವಸಾಚಾ ನಿಬಂಧ’, ಅಂದರೆ ಮಳೆಯ ಪ್ರಬಂಧ. 2017ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಕಥೇತರ ವಿಭಾಗದ ಅತ್ಯುತ್ತಮ ನಿರ್ದೇಶನಕ್ಕೆ ಇದು ಆಯ್ಕೆಯಾಯಿತು.

ಹಚ್ಚಹಸಿರು ಬೆಟ್ಟಸೀಮೆಯ ಒಂದು ಹಳ್ಳಿ, ಎಡೆಬಿಡದ ಮಳೆ. ಶಾಲೆಯಲ್ಲಿ ಮಳೆಯ ಮೇಲೆ ಪ್ರಬಂಧ ಬರೆದುಕೊಂಡು ಬಾ ಎನ್ನುತ್ತಾರೆ. ಹುಡುಗ ಮನೆಗೆ ಬಂದರೆ ಅಪ್ಪ ಕುಡಿದು ಎಲ್ಲೋ ಮಳೆಯಲ್ಲಿ ಬಿದ್ದಿದ್ದಾನೆ. ಅವನನ್ನು ಎತ್ತಿ ತರಬೇಕು. ತಂದರೆ ಮನೆ ಸೋರುತ್ತಿದೆ. ಪ್ರಬಂಧ ಬರೆಯಲಾಗುವುದಿಲ್ಲ. ಇಷ್ಟೇ ಕತೆ.

‘ಮಳೆಗಾಲದ ಒಂದು ದಿನ’ ಎಂಬ ಪ್ರಬಂಧವನ್ನು ಬರೆಯದ ಕನ್ನಡ ಶಾಲೆಯ ಮಗು ಇಲ್ಲ. ಅದಕ್ಕೊಂದು ಮಾದರಿಯಿದೆ. ಕಾಮನಬಿಲ್ಲು, ಕಪ್ಪೆಯ ದನಿ, ಕಾಗದದ ದೋಣಿ, ರೈತನ ಮೊಗದಲ್ಲಿ ನಗೆ. ನಮ್ಮ ನವೋದಯದ ಕವಿಗಳು ಮಳೆಗೆ ಕೊಟ್ಟ ಸಿರಿಯೆಲ್ಲ ಪಠ್ಯಪುಸ್ತಕದ ಕಾಲುವೆಯಲ್ಲಿ ಹರಿದು ಆ ಮಾದರಿಯಾಗಿದೆ. ಬೇಂದ್ರೆಯವರ ಶ್ರಾವಣ ದೊಡ್ಡ ಕಾವ್ಯ, ಅದನ್ನು ನಾನೂ ಪಾಠ ಮಾಡಿದ್ದೇನೆ, ಮೈಮರೆತು ಮಾಡಿದ್ದೇನೆ. ಆದರೆ ಸೌಂದರ್ಯ ಯಾವಾಗ ಪರೀಕ್ಷೆಯಾಗುತ್ತದೋ ಆವಾಗ ಅದು ಜಾತಿಯಾಗುತ್ತದೆ. ಸೋರದ ಮಾಡಿನ ಕೆಳಗೆ ಕೂತವನು ಮಾತ್ರ ಪಾಸಾಗುವ ಪರೀಕ್ಷೆ ಅದು.

ಒಂದು ಸಲ ಹಾಸ್ಟೆಲ್ಲಿನ ಹುಡುಗರಿಗೆ ಈ ಚಿತ್ರದ ಕತೆ ಹೇಳುತ್ತಿದ್ದೆ. ಹಿಂದೆ ಕೂತ ಒಬ್ಬ ಕೇಳಿದ: ‘ಸರ್, ನಮ್ಮನಿ ಸೋರತಿತ್ತು ಅಂತ ಖರೇ ಬರದ್ರ ಮಾರ್ಕ್ಸ್ ಕೊಡತಾರೇನ್ರಿ?’ ಎಲ್ಲರೂ ನಕ್ಕರು. ನನಗೆ ಮಾತ್ರ ಇಡೀ ದಲಿತ ಸೌಂದರ್ಯಮೀಮಾಂಸೆ ಆ ಒಂದು ವಾಕ್ಯದಲ್ಲಿ ಇದೆ ಅನಿಸಿತು. ಖರೇ ಬರೆದರೆ ಮಾರ್ಕ್ಸ್ ಕೊಡುವವರು ಯಾರು? ಮೂವತ್ತು ನಲವತ್ತು ವರ್ಷದಿಂದ ನಾವು ವಿಮರ್ಶೆಯಲ್ಲಿ ಕೇಳುತ್ತಿರುವುದು ಇದನ್ನೇ ಅಲ್ಲವೆ?

ಇಲ್ಲಿ ನಾಗರಾಜನ ಒಂದು ಜಾಣ್ಮೆಯನ್ನು ಗಮನಿಸಬೇಕು. ಚಿತ್ರದಲ್ಲಿ ಮಳೆ ಕೆಟ್ಟದಾಗಿ ಕಾಣುವುದಿಲ್ಲ. ಹಸಿರು, ಹೊಳೆಯುವ ನೀರು, ಹನಿಯ ಸದ್ದು ಎಲ್ಲ ಕಣ್ಣು ಕಿವಿ ತುಂಬುವಂತೆ ಇದೆ. ಧ್ವನಿಗ್ರಹಣಕ್ಕೂ ಪ್ರಶಸ್ತಿ ಬಂತು. ಆತ ಚೆಲುವನ್ನು ನಿರಾಕರಿಸುವುದಿಲ್ಲ. ಚೆಲುವನ್ನು ಪೂರ್ತಿ ತೋರಿಸಿ, ಅದರ ನಡುವೆಯೇ ಅಪ್ಪನನ್ನು ಎತ್ತುವ ಹುಡುಗನನ್ನು ಇಡುತ್ತಾನೆ. ಮಳೆ ಎರಡೂ ಹೌದು. ಆದರೆ ಹುಡುಗನಿಗೆ ಎರಡನ್ನೂ ಬರೆಯಲು ಪುರಸೊತ್ತಿಲ್ಲ. ಬಂಡಾಯದ ಮೊದಲ ದಿನಗಳಲ್ಲಿ ನಮ್ಮಲ್ಲಿ ಕೆಲವರು ಚೆಲುವು ಎಂದರೇ ಮೇಲ್ಜಾತಿಯದು ಎಂದು ಬಿಟ್ಟುಕೊಟ್ಟರು. ಬಿಟ್ಟುಕೊಡಬೇಕಾಗಿಲ್ಲ ಎಂಬುದನ್ನು ಈ ಚಿತ್ರ ತೋರಿಸುತ್ತದೆ.

7

ಮೂರನೆಯ ಕಿರುಚಿತ್ರ ‘ವೈಕುಂಠ’. 2022ರ ಜನವರಿಯಲ್ಲಿ ಅಮೆಜಾನ್ ಪ್ರೈಮಿನಲ್ಲಿ ಬಂದ ‘ಅನ್‌ಪಾಸ್ಡ್: ನಯಾ ಸಫರ್’ ಎಂಬ ಐದು ಕಿರುಚಿತ್ರಗಳ ಗುಚ್ಛದಲ್ಲಿ ಒಂದು. ನಿರ್ದೇಶನದ ಜೊತೆ ಮುಖ್ಯ ಪಾತ್ರವನ್ನೂ ಆತನೇ ಮಾಡಿದ್ದಾನೆ. ಕೋವಿಡ್ ಕಾಲದಲ್ಲಿ ಹೆಣ ಸುಡುವ ಕೆಲಸಗಾರನ ಪಾತ್ರ ಅದು. ಊರಿನ ಹೆಣವನ್ನೆಲ್ಲ ಅವನು ಸುಡುತ್ತಾನೆ, ಅದೇ ಕಾರಣಕ್ಕೆ ಬಾಡಿಗೆ ಮನೆಯಿಂದ ಅವನನ್ನು ಹೊರಹಾಕುತ್ತಾರೆ. ಮಗನನ್ನು ಕಟ್ಟಿಕೊಂಡು ಸುಡುಗಾಡಿನಲ್ಲೇ ಇರುತ್ತಾನೆ. ಅವನ ಅಪ್ಪ ಆಸ್ಪತ್ರೆಯಲ್ಲಿದ್ದಾನೆ.

‘ಅಂತರ’ ಎಂಬ ಮಾತು 2020ರಲ್ಲಿ ದೇಶಕ್ಕೆಲ್ಲ ಹೊಸದಾಗಿ ಪರಿಚಯವಾಯಿತು ಎನ್ನುವಂತೆ ಎಲ್ಲರೂ ಮಾತಾಡಿದರು. ಅಂತರ ಕಾಯುವುದನ್ನು ಈ ದೇಶಕ್ಕೆ ಹೊಸದಾಗಿ ಕಲಿಸಬೇಕಿತ್ತೆ! ವೈಕುಂಠ ಎಂಬ ಹೆಸರೂ ಹಾಗೆಯೇ. ನಮ್ಮಲ್ಲಿ ಕೆಲವರ ಮನೆಯಲ್ಲಿ ಸತ್ತವರಿಗೆ ವೈಕುಂಠ ಸಮಾರಾಧನೆ ಮಾಡುತ್ತಾರೆ, ಕಾರ್ಡು ಹಂಚುತ್ತಾರೆ. ಆ ವೈಕುಂಠದ ಬಾಗಿಲಲ್ಲಿ ಕಟ್ಟಿಗೆ ಒಟ್ಟುವವನಿಗೆ ಊರಲ್ಲಿ ಒಂದು ಕೋಣೆ ಸಿಗುವುದಿಲ್ಲ. ಪಿಸ್ತುಲ್ಯಾನಿಗೆ ಶಾಲೆ ಇಲ್ಲ, ಪ್ರಬಂಧದ ಹುಡುಗನಿಗೆ ಸೋರದ ಸೂರಿಲ್ಲ, ಇವನಿಗೆ ಸೂರೇ ಇಲ್ಲ. ಮೂರೂ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಕಾಣುವುದು ಒಂದೇ ಬಾಗಿಲು, ಹೊರಗಿನಿಂದ ಕಂಡ ಬಾಗಿಲು.

ಇಲ್ಲೊಂದು ತಕರಾರು ಏಳುತ್ತದೆ. ಅಮೆಜಾನಿಗೆ ಮಾಡಿದ ಚಿತ್ರ ಸ್ವತಂತ್ರ ಚಿತ್ರ ಹೇಗಾಗುತ್ತದೆ? ಸೈರಾಟ್‌ಗೆ ಝೀ ಸ್ಟುಡಿಯೋದ ದುಡ್ಡು, 2022ರ ಮಾರ್ಚಿನಲ್ಲಿ ಬಂದ ‘ಝುಂಡ್’ಗೆ ಟಿ-ಸೀರೀಸ್ ದುಡ್ಡು, ಮೇಲಾಗಿ ಅಮಿತಾಭ್ ಬಚ್ಚನ್. ಇವನ್ಯಾವ ಸೀಮೆಯ ಸ್ವತಂತ್ರ ನಿರ್ದೇಶಕ ಅಂತ ಕೇಳುವ ಗೆಳೆಯರಿದ್ದಾರೆ. ನನ್ನ ಉತ್ತರ ಹೀಗೆ. ಸ್ವಂತ ದುಡ್ಡಿನಲ್ಲಿ ಮಾಡಿದ್ದೇ ಸ್ವತಂತ್ರ ಎಂಬುದು ಸ್ವಂತ ದುಡ್ಡಿದ್ದವರ ನಿರ್ವಚನ. ನಮ್ಮವರಿಗೆ ಸ್ವಾತಂತ್ರ್ಯ ಎಂದರೆ ಯಾರ ದುಡ್ಡಿನಲ್ಲೇ ಆಗಲಿ ತನ್ನ ಊರಿನ ಮುಖ, ತನ್ನ ಊರಿನ ಮಾತು, ತನ್ನ ಊರಿನ ಸಾವು ಇವನ್ನು ಬಿಟ್ಟುಕೊಡದಿರುವುದು. ಝುಂಡ್‌ನಲ್ಲಿ ಅಂಬೇಡ್ಕರ್ ಜಯಂತಿಯ ದೃಶ್ಯವಿದೆ, ಹಿಂದಿಯ ಅತಿ ದೊಡ್ಡ ತಾರೆ ಬಾಬಾಸಾಹೇಬರ ಚಿತ್ರಕ್ಕೆ ಕೈಮುಗಿಯುತ್ತಾನೆ. ಇಷ್ಟು ವರ್ಷ ಹಿಂದಿ ಸಿನಿಮಾದ ಗೋಡೆಗಳ ಮೇಲೆ ಆ ಚಿತ್ರ ಕಂಡದ್ದೆಷ್ಟು ಸಲ ಎಂದು ಎಣಿಸಿಕೊಳ್ಳಿ. ಆತ ತನ್ನ ನಿರ್ಮಾಣ ಸಂಸ್ಥೆಗೆ ಇಟ್ಟ ಹೆಸರು ‘ಆಟಪಾಟ್’. ಮರಾಠಿ ಅಜ್ಜಿಯರು ‘ಆಟಪಾಟ್ ನಗರ ಹೋತಂ’ ಅಂತ ಕತೆ ಶುರುಮಾಡುತ್ತಾರೆ, ನಮ್ಮ ‘ಒಂದಾನೊಂದು ಊರಲ್ಲಿ’ ಇದ್ದಹಾಗೆ. ಊರಿನ ಕತೆ ಹೇಳುವ ಹಕ್ಕನ್ನು ಹೊರಗೇರಿಯವನು ಕೈಗೆ ತಗೊಂಡ ಎಂಬುದೇ ಆ ಹೆಸರಿನ ಅರ್ಥ.

ಹಾಗಂತ ಆತನ ಮೇಲೆ ನನಗೆ ಪ್ರಶ್ನೆಗಳೇ ಇಲ್ಲ ಎಂದಲ್ಲ. ಝುಂಡ್‌ನಲ್ಲಿ ಸ್ಲಮ್ಮಿನ ಮಕ್ಕಳನ್ನು ಎತ್ತುವ ಕೈ ಮತ್ತೆ ಹೊರಗಿನ ಮೇಷ್ಟ್ರದ್ದೇ. ಅದು ನಾಗಪುರದ ನಿಜವಾದ ಮೇಷ್ಟ್ರು ವಿಜಯ ಬಾರ್ಸೆಯವರ ಬದುಕಿನ ಕತೆ ಎಂಬುದು ಗೊತ್ತು, ಆದರೂ ಉದ್ಧಾರಕನ ಹಳೇ ಮಾದರಿ ಅಲ್ಲಿ ಇಣುಕುತ್ತದೆ. ಫಂಡ್ರಿಯಲ್ಲಿ ಹುಡುಗಿ ಶಾಲು ಬರೀ ನೋಡಿಸಿಕೊಳ್ಳುವವಳು, ಅವಳ ಮನಸ್ಸಿನಲ್ಲಿ ಏನಿದೆ ಎಂದು ಚಿತ್ರ ಕೇಳುವುದೇ ಇಲ್ಲ. ಸೈರಾಟ್‌ನ ಆರ್ಚಿ, ಬುಲೆಟ್ ಓಡಿಸುವ ಆರ್ಚಿ, ಇದಕ್ಕೆ ಉತ್ತರವಾಗಿ ಬಂದಳು. ಆದರೆ ಅವಳು ಪಾಟೀಲರ ಮಗಳು. ಪಿಸ್ತುಲ್ಯಾನ ತಾಯಿ, ಜಬ್ಯಾನ ಅಕ್ಕ, ಪ್ರಬಂಧದ ಹುಡುಗನ ತಾಯಿ, ಇವರ ಕಡೆಯಿಂದ ಹೇಳಿದ ಚಿತ್ರ ಇನ್ನೂ ಬಂದಿಲ್ಲ. ಶಾಲೆಗೆ ಹೋಗಬೇಕಾದ ಮಗು ಈ ಕಿರುಚಿತ್ರಗಳಲ್ಲಿ ಹುಡುಗನೇ ಯಾಕೆ? ಈ ಪ್ರಶ್ನೆಯನ್ನು ನಾವು ಕೇಳದಿದ್ದರೆ ನಮ್ಮ ಕೇರಿಯ ಹೆಣ್ಣುಮಕ್ಕಳು ಕೇಳುತ್ತಾರೆ, ಕೇಳಲೂ ಬೇಕು.

8

ಕೊನೆಗೆ ನಮ್ಮ ಕಡೆ ತಿರುಗೋಣ. ತಮಿಳಿನಲ್ಲಿ 2012ರ ‘ಅಟ್ಟಕತ್ತಿ’ಯಿಂದ ಪಾ. ರಂಜಿತ್, 2018ರ ‘ಪರಿಯೇರುಂ ಪೆರುಮಾಳ್’ನಿಂದ ಮಾರಿ ಸೆಲ್ವರಾಜ್ ಬಂದರು. ಮರಾಠಿಯಲ್ಲಿ ನಾಗರಾಜ ಬಂದ. ಸಾಹಿತ್ಯದಲ್ಲಿ ಈ ಎರಡೂ ಭಾಷೆಗಳ ಭುಜಕ್ಕೆ ಭುಜ ಕೊಟ್ಟು ನಿಂತ ಕನ್ನಡ ದಲಿತ ಪ್ರಜ್ಞೆ ಸಿನಿಮಾದಲ್ಲಿ ಅಂಥ ಹೆಜ್ಜೆ ಯಾಕೆ ಇಡಲಿಲ್ಲ? ಗಾಂಧಿನಗರದ ಬಂಡವಾಳ ಬಿಡಲಿಲ್ಲ ಎಂಬುದು ಅರ್ಧ ಉತ್ತರ. ಇನ್ನರ್ಧ ನಮ್ಮ ಹತ್ತಿರವೇ ಇದೆ. ಕವಿತೆ ಬರೆದ ಹುಡುಗನಿಗೆ ನಮ್ಮ ಚಳವಳಿ ವೇದಿಕೆ ಕೊಟ್ಟಿತು, ಪತ್ರಿಕೆ ಕೊಟ್ಟಿತು, ವಿಮರ್ಶೆ ಕೊಟ್ಟಿತು. ಹಾಡು ಕಟ್ಟಿದವನನ್ನು ಜಾಥಾದ ಮುಂದೆ ನಿಲ್ಲಿಸಿತು. ಕ್ಯಾಮರಾ ಹಿಡಿದವನಿಗೆ ಕೊಟ್ಟದ್ದೇನು?

ನಾಗರಾಜನ ಚರಿತ್ರೆಯಿಂದ ಕಲಿಯಬೇಕಾದ ಪಾಠ ನೂರು ಕೋಟಿಯದಲ್ಲ. ಜಿಲ್ಲಾ ಕೇಂದ್ರದ ಒಂದು ಸಾಮಾನ್ಯ ಕಾಲೇಜು, ಒಂದು ಕ್ಯಾಮರಾ, ತನ್ನದೇ ಸೀಮೆಯ ಒಬ್ಬ ಹುಡುಗ, ಹದಿನೈದು ನಿಮಿಷ. ಅಷ್ಟರಿಂದ ಅದು ಶುರುವಾಯಿತು. ಅಂಥ ಕಾಲೇಜುಗಳು ವಿಜಾಪುರದಲ್ಲಿವೆ, ರಾಯಚೂರಿನಲ್ಲಿವೆ, ಕೋಲಾರದಲ್ಲಿವೆ, ಚಾಮರಾಜನಗರದಲ್ಲಿವೆ. ಅಲ್ಲಿ ತೆಗೆದ ಕಿರುಚಿತ್ರಗಳನ್ನು ಕೂಡಿಸಿ ನೋಡುವ, ಕಟುವಾಗಿ ಚರ್ಚಿಸುವ, ಕೆಟ್ಟದ್ದನ್ನು ಕೆಟ್ಟದ್ದು ಅಂತ ಮುಖಕ್ಕೆ ಹೇಳುವ, ಒಳ್ಳೆಯದನ್ನು ಹೆಸರಿಟ್ಟು ದಾಖಲಿಸುವ ಕೆಲಸ ನಮ್ಮದು. ಇಂಥ ವಿಶೇಷ ಸಂಚಿಕೆಯಲ್ಲಿ ಮುಂದಿನ ಸಲ ಕವಿತೆಗಳ ವಿಮರ್ಶೆಯ ಪಕ್ಕದಲ್ಲೇ ಐದು ಕಿರುಚಿತ್ರಗಳ ವಿಮರ್ಶೆಗೂ ಜಾಗವಿರಲಿ ಎಂದು ನಾನು ಸಂಪಾದಕರನ್ನು ಕೇಳುತ್ತೇನೆ. ನಮ್ಮ ಮನೆ ಸೋರುತ್ತಿತ್ತು ಎಂದು ಖರೇ ಬರೆದವನಿಗೆ, ಖರೇ ತೋರಿಸಿದವಳಿಗೆ, ಮಾರ್ಕ್ಸ್ ಕೊಡುವವರು ನಾವಲ್ಲದೆ ಇನ್ಯಾರು?